ಫ್ರೀ ಫ್ಲಾಪ್ ಆಪರೇಷನ್‌ಗೆ ಮುಂಚೆ ‘ನಮ್ಮ ಸ್ಟಡಿಗೆ ಸೇರ್ತೀರಾ?’ ಎಂದು ಕೇಳಿದರೆ ಏನು ಮಾಡಬೇಕು?

ಬಾಯಿ ಕ್ಯಾನ್ಸರ್ ಇದೆ, ದವಡೆ ತೆಗೆದು ಅಲ್ಲಿಗೆ ಕಾಲಿನ ಮೂಳೆ ಕೂರಿಸಬೇಕು ಎಂದು ಡಾಕ್ಟರ್ ಹೇಳಿರುತ್ತಾರೆ. ಅದನ್ನು ಅರಗಿಸಿಕೊಳ್ಳುವುದೇ ಕಷ್ಟ. ಅಷ್ಟರಲ್ಲಿ ಇನ್ನೊಬ್ಬ ಡಾಕ್ಟರ್ ಬಂದು, ‘ನಮ್ಮದೊಂದು ಸ್ಟಡಿ ನಡೀತಿದೆ, ನೀವೂ ಸೇರ್ತೀರಾ?’ ಎಂದು ನಾಲ್ಕೈದು ಪುಟದ ಕಾಗದ ಕೈಗಿಡುತ್ತಾರೆ. ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಇಂಥ ಅಧ್ಯಯನಗಳ ಕೆಲಸ ನೋಡಿಕೊಳ್ಳುವ ನನಗೆ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಮ್ಮ ಮೇಲೆ ಪ್ರಯೋಗ ಮಾಡ್ತಾರಾ? ಬೇಡ ಅಂದ್ರೆ ಆಪರೇಷನ್ ಸರಿಯಾಗಿ ಮಾಡಲ್ವಾ? ದುಡ್ಡು ಜಾಸ್ತಿ ಆಗುತ್ತಾ?

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೇರುವುದು, ಬಿಡುವುದು ಪೂರ್ತಿ ರೋಗಿಯ ಇಷ್ಟ. ಬೇಡ ಎಂದರೆ ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಆಗಬಾರದು. ಅದು ಯಾರ ದೊಡ್ಡಮನಸ್ಸಿನ ಮಾತೂ ಅಲ್ಲ, ನಿಯಮ. ಹಾಗಂತ ಹೆದರಿ ಬೇಡ ಅನ್ನುವುದೂ ಬೇಡ, ಸಂಕೋಚಕ್ಕೆ ಹೂಂ ಅನ್ನುವುದೂ ಬೇಡ. ಅರ್ಥ ಮಾಡಿಕೊಂಡು ಹೇಳಿ. ಹೇಗೆ ಅಂತ ಹಂತಹಂತವಾಗಿ ನೋಡೋಣ.

ಕೈಯಲ್ಲಿ ಇಷ್ಟು ಇರಲಿ: ಆಸ್ಪತ್ರೆಯ ಫೈಲ್, ಒಂದು ನೋಟ್‌ಬುಕ್, ಓದುವ ಕನ್ನಡಕ, ಇಂಟರ್ನೆಟ್ ಇರುವ ಫೋನ್. ಜೊತೆಗೆ ಗಾಬರಿಯಾಗದೆ ಕೂತು ಓದಬಲ್ಲ ಮನೆಯವರೊಬ್ಬರು.

ಹಂತ 1: ಮೊದಲು ಆಪರೇಷನ್ ಏನು ಅಂತ ತಿಳಿದುಕೊಳ್ಳಿ

ಆಪರೇಷನ್ ಅರ್ಥವಾಗದೆ ಅಧ್ಯಯನ ಅರ್ಥವಾಗುವುದಿಲ್ಲ. ಹಾಗಾಗಿ ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ಫ್ಲಾಪ್ ಎಂದರೆ ತನ್ನದೇ ರಕ್ತನಾಳ ಇರುವ ಚರ್ಮ, ಮಾಂಸ ಅಥವಾ ಮೂಳೆಯ ತುಂಡು. ಅದನ್ನು ದೇಹದ ಒಂದು ಕಡೆಯಿಂದ ಪೂರ್ತಿ ಬಿಡಿಸಿ, ಇನ್ನೊಂದು ಕಡೆಗೆ ತಂದು, ಅಲ್ಲಿನ ರಕ್ತನಾಳಕ್ಕೆ ಜೋಡಿಸಿದರೆ ಅದು ಫ್ರೀ ಫ್ಲಾಪ್. ಸಸಿಯನ್ನು ಬೇರುಸಮೇತ ಕಿತ್ತು ಬೇರೆ ಮಡಿಯಲ್ಲಿ ನೆಟ್ಟ ಹಾಗೆ. ಜೋಡಿಸುವ ನಾಳಗಳು ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಅಗಲ ಇರುತ್ತವೆ. ಹೊಲಿಯುವ ನೂಲಿಗೆ 8-0, 9-0, 10-0 ಎಂದು ಹೆಸರು. ಸೊನ್ನೆಯ ಹಿಂದಿನ ಅಂಕಿ ದೊಡ್ಡದಾದಷ್ಟೂ ನೂಲು ಸಣ್ಣ. 10-0 ನೂಲಿನ ದಪ್ಪ 0.03 ಮಿಲಿಮೀಟರ್‌ಗಿಂತ ಕಡಿಮೆ. ಬರಿಗಣ್ಣಲ್ಲಿ ಆಗುವ ಹೊಲಿಗೆ ಅಲ್ಲ ಅದು. ಮೈಕ್ರೋಸ್ಕೋಪ್ ಕೆಳಗೆ ಮಾಡುತ್ತಾರೆ. ಅದಕ್ಕೇ ಮೈಕ್ರೋಸರ್ಜರಿ ಎಂಬ ಹೆಸರು.

ಈ ವಿದ್ಯೆ ತೀರಾ ಹಳೆಯದಲ್ಲ. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮತ್ತೆ ಜೋಡಿಸಿದರು. 1973ರಲ್ಲಿ ಆಸ್ಟ್ರೇಲಿಯಾದಲ್ಲಿ ಡೇನಿಯಲ್ ಮತ್ತು ಟೇಲರ್ ಚರ್ಮದ ಫ್ರೀ ಫ್ಲಾಪ್ ಬಗ್ಗೆ ವರದಿ ಮಾಡಿದರು. ಕಾಲಿನ ಫಿಬುಲಾ ಮೂಳೆಯಿಂದ ದವಡೆ ಕಟ್ಟುವ ವಿಧಾನವನ್ನು ಅಮೆರಿಕದ ಹಿಡಾಲ್ಗೊ ವಿವರಿಸಿದ್ದು 1989ರಲ್ಲಿ.

ಫಿಬುಲಾ ಎಂದರೆ ಮೊಣಕಾಲಿನಿಂದ ಕೆಳಗಿರುವ ಎರಡು ಮೂಳೆಗಳಲ್ಲಿ ಹೊರಗಡೆಯ ಸಣ್ಣ ಮೂಳೆ. ‘ಅದನ್ನು ತೆಗೆದರೆ ನಡೆಯೋದು ಹೇಗೆ?’ ಎಂದು ಎಲ್ಲರೂ ಕೇಳುತ್ತಾರೆ. ಮೈಭಾರ ಹೊರುವುದು ಪಕ್ಕದ ದೊಡ್ಡ ಮೂಳೆ. ಪಾದದ ಗಂಟು ಅಲುಗಾಡದಿರಲಿ ಎಂದು ಫಿಬುಲಾದ ಕೆಳತುದಿಯಲ್ಲಿ 6ರಿಂದ 8 ಸೆಂಟಿಮೀಟರ್ ಉಳಿಸಿಯೇ ತೆಗೆಯುತ್ತಾರೆ. ಆದ್ದರಿಂದ ಹೆಚ್ಚಿನವರು ಮತ್ತೆ ನಡೆಯುತ್ತಾರೆ. ಆದರೂ ಕೆಲವರಿಗೆ ಕಾಲು ನೋವು, ಕಾಲಿನ ಹೆಬ್ಬೆರಳು ಮಡಚಲು ತ್ರಾಸ, ಚರ್ಮ ಜೋಮು ಹಿಡಿದಂತಾಗುವುದು ಉಳಿಯುತ್ತದೆ. ಎಷ್ಟು ಜನರಿಗೆ, ಎಷ್ಟು ಕಾಲ? ಅಧ್ಯಯನ ಮಾಡುವುದೇ ಇಂಥದ್ದನ್ನು ತಿಳಿಯಲು.

ಹಂತ 2: ಇದು ಯಾವ ಬಗೆಯ ಅಧ್ಯಯನ ಅಂತ ಕೇಳಿ

ಎಲ್ಲ ಅಧ್ಯಯನವೂ ಒಂದೇ ಅಲ್ಲ. ಈ ಒಂದು ಪ್ರಶ್ನೆ ಕೇಳಿದರೆ ಅರ್ಧ ಭಯ ಹೋಗುತ್ತದೆ: ‘ನಾವು ಸೇರಿದರೆ ನಮ್ಮ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತಾ?’

ಬದಲಾಗಲ್ಲ ಎಂದರೆ ಅದು ಗಮನಿಸುವ ಅಧ್ಯಯನ. ನಿಮಗೆ ಹೇಗೂ ಆಗಬೇಕಿದ್ದ ಆಪರೇಷನ್ ಆಗುತ್ತದೆ. ಅವರು ಬರೆದುಕೊಳ್ಳುತ್ತಾರೆ, ಅಳೆಯುತ್ತಾರೆ, ಆಮೇಲೆ ‘ಊಟ ಅಗಿಯೋಕೆ ಆಗುತ್ತಾ, ಮಾತು ಬೇರೆಯವರಿಗೆ ಅರ್ಥವಾಗುತ್ತಾ, ಮೆಟ್ಟಿಲು ಹತ್ತುತ್ತೀರಾ’ ಎಂದು ಪ್ರಶ್ನಾವಳಿ ತುಂಬಿಸುತ್ತಾರೆ. ಮೈಕ್ರೋಸರ್ಜರಿಯಲ್ಲಿ ಹೆಚ್ಚಿನವು ಇಂಥವೇ. ಇನ್ನು ಕೆಲವು ಹಳೆಯ ಫೈಲ್‌ಗಳನ್ನು ಮಾತ್ರ ನೋಡುವಂಥವು.

ಬದಲಾಗುತ್ತದೆ ಎಂದರೆ ಅದು ಟ್ರಯಲ್. ಉದಾಹರಣೆಗೆ, ಅಶುದ್ಧ ರಕ್ತದ ನಾಳವನ್ನು ಕೈಯಿಂದ ಹೊಲಿಯುವುದು ಒಳ್ಳೆಯದೋ, ಕಪ್ಲರ್ ಎಂಬ ಪುಟ್ಟ ಉಂಗುರದಿಂದ ಜೋಡಿಸುವುದು ಒಳ್ಳೆಯದೋ? ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದಿರಲು ಯಾವ ಔಷಧ ಕೊಡಬೇಕು? ಇಲ್ಲಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ. ಇದಕ್ಕೆ ರ‍್ಯಾಂಡಮೈಸ್ ಮಾಡುವುದು ಅನ್ನುತ್ತಾರೆ. ಡಾಕ್ಟರ್ ತಮಗೆ ಬೇಕಾದವರನ್ನು ಬೇಕಾದ ಗುಂಪಿಗೆ ಹಾಕಿದರೆ ಹೋಲಿಕೆಯೇ ಕೆಡುತ್ತದೆ, ಅದಕ್ಕೆ ಹೀಗೆ.

ತಪ್ಪು ತಿಳಿಯುವುದು ಇಲ್ಲೇ. ‘ಸ್ಟಡಿಗೆ ಸೇರಿದರೆ ಹೊಸದು ಸಿಗುತ್ತೆ, ಹೊಸದು ಒಳ್ಳೆಯದೇ ಇರುತ್ತೆ’ ಎಂದು ಬಹಳ ಜನ ನಂಬಿಬಿಡುತ್ತಾರೆ. ಎರಡರಲ್ಲಿ ಯಾವುದು ಉತ್ತಮ ಅಂತ ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ? ನಿಮಗೆ ಲಾಭ ಆಗಲೂಬಹುದು, ಆಗದೆಯೂ ಇರಬಹುದು. ‘ಸೇರಿದರೆ ಗ್ಯಾರಂಟಿ ಒಳ್ಳೆಯದಾಗುತ್ತೆ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ, ಇನ್ನೊಬ್ಬ ಡಾಕ್ಟರನ್ನು ಕೇಳಿ.

ಹಳೆಯ ನಂಬಿಕೆ ಅಧ್ಯಯನದಿಂದ ಬದಲಾಗಿದ್ದೂ ಇದೆ. ಬಿಪಿ ಏರಿಸುವ ಔಷಧ ಕೊಟ್ಟರೆ ಫ್ಲಾಪ್‌ನ ನಾಳ ಮುಚ್ಚಿಕೊಳ್ಳುತ್ತದೆ ಎಂದು ಸರ್ಜನ್‌ಗಳು ಬಹಳ ಕಾಲ ಹೆದರುತ್ತಿದ್ದರು. ಎಷ್ಟೋ ರೋಗಿಗಳ ದಾಖಲೆ ಸೇರಿಸಿ ನೋಡಿದಾಗ, ಅಗತ್ಯವಿದ್ದಾಗ ಕೊಟ್ಟರೆ ಫ್ಲಾಪ್ ಸೋಲುವುದು, ಅಂದರೆ ರಕ್ತ ಸಿಗದೆ ಸಾಯುವುದು, ಜಾಸ್ತಿಯಾಗಿರಲಿಲ್ಲ. ಈಗ ಬಿಪಿ ಇಳಿದಾಗ ಆ ಔಷಧಕ್ಕೆ ಕೈ ಹಾಕಲು ಮೊದಲಿನಷ್ಟು ಹಿಂಜರಿಕೆ ಇಲ್ಲ. ಆ ದಾಖಲೆಗಳ ಹಿಂದೆ ಇದ್ದವರು ನಿಮ್ಮಂಥ ರೋಗಿಗಳೇ.

ಹಂತ 3: ಮಾಹಿತಿ ಪತ್ರ ಮನೆಗೆ ಒಯ್ದು ಓದಿ

ನಿಮಗೆ ಕೊಡುವ ಕಾಗದದಲ್ಲಿ ಎರಡು ಭಾಗ. ಒಂದು ಮಾಹಿತಿ ಪತ್ರ: ಅಧ್ಯಯನ ಏನು, ಏಕೆ, ಎಷ್ಟು ದಿನ, ಏನು ತೊಂದರೆ ಆಗಬಹುದು ಎಂಬ ವಿವರ. ಇನ್ನೊಂದು ಒಪ್ಪಿಗೆ ಪತ್ರ, ಸಹಿ ಹಾಕುವುದು ಅದಕ್ಕೆ. ಎರಡೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷಿನಲ್ಲಿ ಕೊಟ್ಟರೆ ‘ಕನ್ನಡದ್ದು ಕೊಡಿ’ ಎಂದು ಧಾರಾಳವಾಗಿ ಕೇಳಿ. ತಮಿಳು, ತೆಲುಗು, ಉರ್ದು ಓದುವವರು ಅದನ್ನೇ ಕೇಳಿ.

ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಆಪರೇಷನ್ ಹಿಂದಿನ ಸಂಜೆ ಹತ್ತಾರು ಕಾಗದದ ಜೊತೆ ಇದಕ್ಕೂ ಸಹಿ ಹಾಕಿಬಿಡುವುದು. ಆಪರೇಷನ್ ಒಪ್ಪಿಗೆ ಬೇರೆ, ಅರಿವಳಿಕೆ ಒಪ್ಪಿಗೆ ಬೇರೆ, ಅಧ್ಯಯನದ ಒಪ್ಪಿಗೆ ಬೇರೆ. ಒಂದೊಂದನ್ನೂ ‘ಇದು ಯಾವುದು?’ ಎಂದು ಕೇಳಿ. ಅಧ್ಯಯನದ ಕಾಗದ ತುರ್ತಿನದಲ್ಲ. ಓಪಿಡಿಗೆ ಬಂದಾಗಲೇ ಕೊಟ್ಟಿದ್ದರೆ ಮನೆಗೆ ಒಯ್ಯಿರಿ, ರಾತ್ರಿ ಊಟ ಆದಮೇಲೆ ಜೋರಾಗಿ ಓದಿ, ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ.

ಎಚ್ಚರಿಕೆ: ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟ ಮೇಲೆ, ಸ್ಟ್ರೆಚರ್ ಮೇಲೆ, ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಸಹಿ ಹಾಕಬೇಡಿ. ಹಾಗೆ ಕೇಳುವುದೇ ತಪ್ಪು.

ಹಂತ 4: ಅಧ್ಯಯನಕ್ಕೆ ಅನುಮತಿ ಇದೆಯಾ ನೋಡಿ

ರೋಗಿಗಳ ಮೇಲೆ ಅಧ್ಯಯನ ಮಾಡಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಇದು ರೋಗಿಗಳ ಹಿತ ಕಾಯುವ ಸಮಿತಿ. ಡಾಕ್ಟರ್‌ಗಳಷ್ಟೇ ಅಲ್ಲ, ಕಾನೂನು ಬಲ್ಲವರು ಮತ್ತು ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಇದರಲ್ಲಿ ಇರಬೇಕು. ಇವರೆಲ್ಲ ಅನುಸರಿಸುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ. ಹೊಸ ಔಷಧದ ಟ್ರಯಲ್ ಆದರೆ ಕೇಂದ್ರ ಸರ್ಕಾರದ 2019ರ ನಿಯಮಗಳೂ ಅನ್ವಯಿಸುತ್ತವೆ. ಮಾಹಿತಿ ಪತ್ರದ ಕೊನೆಯಲ್ಲಿ ಸಮಿತಿಯನ್ನು ಸಂಪರ್ಕಿಸುವ ವಿವರ ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಟ್ರಯಲ್ ಆದರೆ ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ, 2007ರ ಜುಲೈನಲ್ಲಿ ಶುರುವಾದ ದಾಖಲೆ ಪುಸ್ತಕ. ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ದುಡ್ಡು ಕೊಡದೆ ನೋಡಬಹುದು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಟ್ರಯಲ್ ಅಲ್ಲಿ ನೋಂದಣಿ ಆಗಿರಬೇಕು. ಡಾಕ್ಟರ್ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ, ಹಾಕಿ ನೋಡಿ. ಎಷ್ಟು ಜನರನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲ ಅಲ್ಲಿರುತ್ತದೆ. ಹಳೆಯ ಫೈಲ್ ಮಾತ್ರ ನೋಡುವ ಅಧ್ಯಯನ ಅಲ್ಲಿ ಇರಲೇಬೇಕೆಂದಿಲ್ಲ, ಅದಕ್ಕೆ ಗಾಬರಿಯಾಗಬೇಡಿ.

ಹಂತ 5: ದುಡ್ಡು ಮತ್ತು ತೊಂದರೆಯ ಮಾತು ಬಾಯಿಬಿಟ್ಟು ಕೇಳಿ

ಸಂಕೋಚ ಬೇಡ. ಅಧ್ಯಯನಕ್ಕೆಂದೇ ಮಾಡುವ ಹೆಚ್ಚುವರಿ ಸ್ಕ್ಯಾನ್, ರಕ್ತಪರೀಕ್ಷೆಗೆ ನೀವು ದುಡ್ಡು ಕೊಡಬೇಕಾಗಿಲ್ಲ. ಆಪರೇಷನ್ ಖರ್ಚು ಮಾತ್ರ ಎಂದಿನಂತೆ. ಆಯುಷ್ಮಾನ್ ಕಾರ್ಡ್, ವಿಮೆ, ಸ್ವಂತ ದುಡ್ಡು, ಏನಿದೆಯೋ ಅದರಲ್ಲಿ. ಯಾವ ಪರೀಕ್ಷೆ ಚಿಕಿತ್ಸೆಯದ್ದು, ಯಾವುದು ಅಧ್ಯಯನದ್ದು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ. ಬಿಲ್ ಬಂದಾಗ ಹೊಂದಿಸಿ ನೋಡಲು ಸುಲಭ. ಅಧ್ಯಯನಕ್ಕಾಗಿಯೇ ಮತ್ತೆ ಬರಬೇಕಾದರೆ ಬಸ್ ಚಾರ್ಜ್ ಕೊಡುತ್ತಾರಾ ಅಂತಲೂ ಕೇಳಿ.

ತೊಂದರೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಅಧ್ಯಯನದ ಔಷಧ ಅಥವಾ ವಿಧಾನದಿಂದಲೇ ಹಾನಿಯಾದರೆ ಅದರ ಚಿಕಿತ್ಸೆಯನ್ನು ಅವರೇ ನೋಡಿಕೊಳ್ಳಬೇಕು, ಪರಿಹಾರವೂ ಸಲ್ಲಬೇಕು. ಹೇಗೆ ಎಂಬುದು ಮಾಹಿತಿ ಪತ್ರದಲ್ಲಿ ಬರೆದಿರಬೇಕು. ಆದರೆ ಫ್ಲಾಪ್ ಸೋಲುವುದು, ಸೋಂಕು, ರಕ್ತಸ್ರಾವ ಇವು ಅಧ್ಯಯನ ಇಲ್ಲದಿದ್ದರೂ ಈ ಆಪರೇಷನ್‌ನಲ್ಲಿ ಇರುವ ಅಪಾಯಗಳು. ಅನುಭವವಿರುವ ಕಡೆ 100ರಲ್ಲಿ 95 ಅಥವಾ ಅದಕ್ಕಿಂತ ಹೆಚ್ಚು ಫ್ರೀ ಫ್ಲಾಪ್‌ಗಳು ಉಳಿಯುತ್ತವೆ. ಉಳಿಯದ ಆ ಕೆಲವು ಯಾರ ತಪ್ಪಿಲ್ಲದೆಯೂ ಆಗಬಹುದು. ಅದಕ್ಕೆ ಈ ಪ್ರಶ್ನೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ: ‘ಆಪರೇಷನ್‌ನ ಸಾಮಾನ್ಯ ಅಪಾಯ ಯಾವುದು, ಸ್ಟಡಿಯಿಂದ ಸೇರುವ ಅಪಾಯ ಯಾವುದು?’

ಹಂತ 6: ಫೋಟೋಗೆ ಬೇರೆ ಒಪ್ಪಿಗೆ

ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ನಮ್ಮ ಕ್ಷೇತ್ರದಲ್ಲಿ ಫೋಟೋ ಬರೀ ನೆನಪಿಗಲ್ಲ, ಅದೇ ದಾಖಲೆ. ಮುಖ, ಎದೆ, ಕಾಲು, ಆಪರೇಷನ್ ಮುಂಚೆ, ಆಮೇಲೆ. ಚಿಕಿತ್ಸೆಗಾಗಿ ಫೈಲಿನಲ್ಲಿ ಇಡುವುದಕ್ಕೆ ಒಪ್ಪಿದ ಮಾತ್ರಕ್ಕೆ ಪತ್ರಿಕೆಯಲ್ಲಿ ಅಚ್ಚು ಹಾಕಲು, ಸಮ್ಮೇಳನದಲ್ಲಿ ತೋರಿಸಲು ಒಪ್ಪಿದ ಹಾಗೆ ಆಗುವುದಿಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಸಿಗಲ್ಲ ಅಂತಲೂ ತಿಳಿಯಬೇಡಿ. ಗೊತ್ತಿರುವವರು ಬಾಯಿ, ಕಿವಿ, ಹಚ್ಚೆ ನೋಡಿಯೇ ಹಿಡಿಯುತ್ತಾರೆ. ಫೋಟೋ ಬೇಡ, ಉಳಿದದ್ದಕ್ಕೆ ಅಡ್ಡಿಯಿಲ್ಲ ಎನ್ನಬಹುದೇ ಎಂದು ಕೇಳಿ. ಎಷ್ಟೋ ಅಧ್ಯಯನಗಳಲ್ಲಿ ಅದಕ್ಕೆ ಅವಕಾಶ ಇರುತ್ತದೆ. ಡಾಕ್ಟರ್ ತಮ್ಮ ಸ್ವಂತ ಫೋನಿನಲ್ಲಿ ಫೋಟೋ ತೆಗೆದರೆ, ‘ಇದು ಎಲ್ಲಿ ಇರುತ್ತೆ ಸಾರ್?’ ಎಂದು ಕೇಳುವ ಹಕ್ಕು ನಿಮಗಿದೆ.

ಹಂತ 7: ಸಹಿ ಹಾಕುವುದು ರೋಗಿ, ಮಗ ಅಲ್ಲ

ನಮ್ಮ ಕಡೆ ‘ನಮ್ಮಪ್ಪನಿಗೆ ಅದೆಲ್ಲ ಗೊತ್ತಾಗಲ್ಲ, ನಾನೇ ಹಾಕ್ತೀನಿ ಕೊಡಿ’ ಎನ್ನುವ ಮಕ್ಕಳು ಬಹಳ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅಪ್ಪನಿಗೆ ಪ್ರಜ್ಞೆ ಇದ್ದು, ಹೇಳಿದ್ದು ಅರ್ಥವಾಗುತ್ತಿದ್ದರೆ ಸಹಿ ಅವರದೇ ಆಗಬೇಕು. ಹೆಂಡತಿಯ ಪರವಾಗಿ ಗಂಡ ಹಾಕುವುದೂ ಸಲ್ಲದು. ಗಂಟಲಲ್ಲಿ ಟ್ಯೂಬ್ ಇದ್ದು ಮಾತು ಬರದಿದ್ದರೆ ಸ್ಲೇಟು, ಪೆನ್ನು ಕೊಡಿ, ಬರೆದು ಕೇಳುತ್ತಾರೆ.

ಓದು ಬರದವರಿಗೆ ಕಾಗದವನ್ನು ಪೂರ್ತಿ ಓದಿ ಹೇಳಬೇಕು. ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಆಗ ಅಲ್ಲೇ ಇರಬೇಕು. ಆಮೇಲೆ ಹೆಬ್ಬೆಟ್ಟು, ಸಾಕ್ಷಿಯ ಸಹಿ. 18 ವರ್ಷ ತುಂಬದ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು. 7 ವರ್ಷ ದಾಟಿದ ಮಗುವಿಗೂ ಅದರ ಮಟ್ಟದಲ್ಲಿ ವಿವರಿಸಿ ಇಷ್ಟ ಇದೆಯಾ ಎಂದು ಕೇಳಬೇಕು.

ಸಹಿ ಆದ ಕಾಗದದ ಒಂದು ಪ್ರತಿ ನಿಮ್ಮದು. ಕೇಳಿ ತೆಗೆದುಕೊಂಡು ಫೈಲಿನಲ್ಲಿ ಹಾಕಿ. ಇನ್ನೊಂದು ವಿಷಯ: ನಿಮ್ಮನ್ನು ಮಾತಾಡಿಸಿದ ಕಿರಿಯ ಡಾಕ್ಟರ್ ಎಂ.ಸಿಎಚ್. (ಸರ್ಜರಿಯ ಉನ್ನತ ಪದವಿ) ವಿದ್ಯಾರ್ಥಿ ಆಗಿರಬಹುದು. ಅದು ಮೂರು ವರ್ಷದ ಕೋರ್ಸ್, ಮುಗಿಸಿ ಹೊರಟುಹೋಗುತ್ತಾರೆ. ಅವರ ಜೊತೆಗೆ ಅವರ ಗೈಡ್, ಅಂದರೆ ಹಿರಿಯ ಡಾಕ್ಟರ್ ಹೆಸರನ್ನೂ ವಿಭಾಗದ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ.

ಹಂತ 8: ಆಪರೇಷನ್ ಆದ ಮೊದಲ ಮೂರು ದಿನ

ಅಧ್ಯಯನಕ್ಕೆ ಸೇರಿರಲಿ, ಬಿಡಲಿ, ಈ ಹೊತ್ತು ಎಲ್ಲರಿಗೂ ಒಂದೇ. ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಇರುವುದು ಮೊದಲ 48ರಿಂದ 72 ಗಂಟೆ. ಅದಕ್ಕೇ ನರ್ಸ್ ಶುರುವಿನಲ್ಲಿ ಗಂಟೆಗೊಮ್ಮೆ ಬಂದು ಫ್ಲಾಪ್ ನೋಡುತ್ತಾರೆ. ಬಣ್ಣ ನೋಡುತ್ತಾರೆ, ಬೆಚ್ಚಗಿದೆಯಾ ಎಂದು ಮುಟ್ಟುತ್ತಾರೆ, ಬೆರಳಿಂದ ಒತ್ತಿ ಬಿಡುತ್ತಾರೆ. ಒತ್ತಿದಾಗ ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಡಾಪ್ಲರ್ ಎಂಬ ಪೆನ್ನಿನಂಥ ಸಾಧನ ಇಟ್ಟರೆ ನಾಳದಲ್ಲಿ ರಕ್ತ ಓಡುವ ‘ಶ್ಶೂ, ಶ್ಶೂ’ ಸದ್ದು ಕೇಳುತ್ತದೆ. ಇದೆಲ್ಲ ಒಂದು ಚಾರ್ಟ್‌ನಲ್ಲಿ ದಾಖಲಾಗುತ್ತದೆ. ಅಧ್ಯಯನಕ್ಕೆ ಆ ಚಾರ್ಟೇ ಬಂಗಾರ.

ಫ್ಲಾಪ್ ನೀಲಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡರೆ ರಕ್ತ ಹೊರಗೆ ಹೋಗುತ್ತಿಲ್ಲ ಎಂದರ್ಥ. ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ಎರಡರಲ್ಲೂ ಕೂಡಲೇ ಕರೆಯಿರಿ, ರಾತ್ರಿ 2 ಗಂಟೆಯಾದರೂ ಸರಿ. ಬೇಗ ಥಿಯೇಟರ್‌ಗೆ ಒಯ್ದು ಹೆಪ್ಪು ತೆಗೆದರೆ ಎಷ್ಟೋ ಫ್ಲಾಪ್‌ಗಳು ಉಳಿಯುತ್ತವೆ. ‘ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಹೇಳೋಣ’ ಎಂದು ಕಾಯಬೇಡಿ.

ಕುತ್ತಿಗೆಯ ಸುತ್ತ ಟೇಪು, ದಾರ ಬಿಗಿಯಾಗಿ ಇರದಂತೆ ನೋಡಿ. ಕತ್ತು ಯಾವ ಕಡೆ ತಿರುಗಿಸಬಾರದು ಅಂದಿದ್ದಾರೋ ಆ ಕಡೆ ತಿರುಗಿಸಬೇಡಿ. ಬೀಡಿ, ಸಿಗರೇಟು, ತಂಬಾಕು ಯಾವ ರೂಪದಲ್ಲೂ ಬೇಡ. ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತದೆ. ಕದ್ದು ಸೇದಿದ್ದರೆ ಡಾಕ್ಟರಿಗೆ ನಿಜ ಹೇಳಿ. ಸುಮ್ನೆ ಮುಚ್ಚಿಟ್ಟರೆ ಚಿಕಿತ್ಸೆಯೂ ಹಾಳು, ದಾಖಲೆಯೂ ಸುಳ್ಳು.

ಹಂತ 9: ಫಾಲೋಅಪ್ ತಪ್ಪಿಸಬೇಡಿ

ಫ್ಲಾಪ್ ಹಿಡಿದುಕೊಂಡಿತು, ಗಾಯ ಒಣಗಿತು, ಊರಿಗೆ ಹೋದರು, ಆಮೇಲೆ ಸುದ್ದಿಯೇ ಇಲ್ಲ. ಅಧ್ಯಯನಗಳು ಸೊರಗುವುದು ಇಲ್ಲೇ.

ಲೆಕ್ಕ ಹೇಳುತ್ತೇನೆ. ಒಂದು ವಿಧಾನದಲ್ಲಿ 95 ಪರ್ಸೆಂಟ್ ಫ್ಲಾಪ್ ಉಳಿಯುತ್ತವೆ, ಇನ್ನೊಂದರಲ್ಲಿ 97 ಎಂದುಕೊಳ್ಳಿ. ಆ ಎರಡು ಪರ್ಸೆಂಟ್ ವ್ಯತ್ಯಾಸವನ್ನು ಸಾಮಾನ್ಯ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಖಚಿತಪಡಿಸಲು ಒಂದೊಂದು ಗುಂಪಿಗೂ ಸುಮಾರು 1500 ರೋಗಿಗಳು ಬೇಕು, ಒಟ್ಟು 3000. ಯಾವ ಒಂದು ಆಸ್ಪತ್ರೆಗೂ ಅಷ್ಟು ಸುಲಭಕ್ಕೆ ಸಿಗುವ ಸಂಖ್ಯೆ ಅಲ್ಲ ಅದು. ಹಾಗಾಗಿ ಹೆಚ್ಚಿನ ಅಧ್ಯಯನಗಳು ಫ್ಲಾಪ್ ಉಳಿಯಿತೇ ಎಂಬುದರ ಜೊತೆಗೆ ನೀವು ಹೇಗಿದ್ದೀರಿ ಎಂಬುದನ್ನು ಅಳೆಯುತ್ತವೆ. ಆರು ತಿಂಗಳ ಮೇಲೆ ಮುದ್ದೆ ನುಂಗಲು ಆಗುತ್ತಾ? ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಅರ್ಥವಾಗುತ್ತಾ? ಗದ್ದೆಯ ಬದುವಿನ ಮೇಲೆ ನಡೆಯುತ್ತೀರಾ? ಇದನ್ನು ನೀವಲ್ಲದೆ ಬೇರೆ ಯಾರೂ ಹೇಳಲಾರರು. 40 ಜನರ ಅಧ್ಯಯನದಲ್ಲಿ 12 ಜನ ಬರದಿದ್ದರೆ, ಚೆನ್ನಾಗಿರುವವರು ಬರಲಿಲ್ಲವೋ, ಕಷ್ಟದಲ್ಲಿರುವವರು ಬರಲಿಲ್ಲವೋ ಎಂಬುದೇ ತಿಳಿಯದೆ ಉತ್ತರ ಕೆಡುತ್ತದೆ.

ಆದ್ದರಿಂದ ಸೇರುವ ಮುಂಚೆಯೇ ಕೇಳಿ: ಎಷ್ಟು ಸಲ ಬರಬೇಕು, ಎಷ್ಟು ತಿಂಗಳು? ದೂರದ ಊರಾದರೆ ಫೋನಿನಲ್ಲಿ ಆಗುತ್ತಾ? ಬರಲು ಆಗಲ್ಲ ಅನ್ನಿಸಿದರೆ ಮೊದಲೇ ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು. ಎರಡು ಫೋನ್ ನಂಬರ್ ಕೊಡಿ, ಸಿಮ್ ಬದಲಿಸಿದರೆ ತಿಳಿಸಿ. ಪ್ರಶ್ನಾವಳಿ ತುಂಬುವಾಗ ಡಾಕ್ಟರಿಗೆ ಬೇಜಾರಾಗುತ್ತೆ ಎಂದು ‘ಎಲ್ಲ ಚೆನ್ನಾಗಿದೆ’ ಅನ್ನಬೇಡಿ. ಜೊಲ್ಲು ಸುರಿಯುತ್ತಿದ್ದರೆ ಸುರಿಯುತ್ತದೆ ಅನ್ನಿ. ನಾಲ್ಕು ಜನರ ಮುಂದೆ ಊಟಕ್ಕೆ ಕೂರಲು ನಾಚಿಕೆ ಆಗುತ್ತಿದ್ದರೆ ಅದನ್ನೂ ಹೇಳಿ.

ಮಧ್ಯದಲ್ಲಿ ಬಿಡಬೇಕೆನಿಸಿದರೆ

ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ‘ಇನ್ನು ಮುಂದೆ ಬೇಡ’ ಎಂದು ಬಾಯಲ್ಲಿ ಹೇಳಿ ಒಂದು ಸಾಲು ಬರೆದುಕೊಟ್ಟರೆ ಸಾಕು. ಅಲ್ಲಿವರೆಗೆ ಸೇರಿದ ಮಾಹಿತಿಯನ್ನು ಏನು ಮಾಡುತ್ತಾರೆ ಎಂಬುದು ಮಾಹಿತಿ ಪತ್ರದಲ್ಲಿ ಇರುತ್ತದೆ, ಓದಿ ನೋಡಿ. ಅಧ್ಯಯನದ ಔಷಧ ತೆಗೆದುಕೊಳ್ಳುತ್ತಿದ್ದರೆ ಮಾತ್ರ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಹೇಗೆ ನಿಲ್ಲಿಸಬೇಕೆಂದು ಕೇಳಿ. ಬಿಟ್ಟಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ, ಚಿಕಿತ್ಸೆ ತಡ ಮಾಡಿದರೆ, ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ. ಆ ನಂಬರ್ ಇರುವುದು ಅದಕ್ಕೇ.

ಸ್ಟಡಿ ಬಿಟ್ಟವರು ಎಷ್ಟೋ ಸಲ ಮುಜುಗರಕ್ಕೆ ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಿ ಕ್ಯಾನ್ಸರ್ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಆದ್ದರಿಂದ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಅದು ನಿಮ್ಮ ಚಿಕಿತ್ಸೆಯ ಭಾಗ, ಅಧ್ಯಯನದ್ದಲ್ಲ. ಮುಂದಿನ ಸಲ ಓಪಿಡಿಗೆ ಯಾವ ದಿನ ಬರಬೇಕು ಎಂದು ಡಿಸ್ಚಾರ್ಜ್ ಕಾರ್ಡಿನ ಮೇಲೆ ಬರೆಸಿಕೊಂಡೇ ಮನೆಗೆ ಹೊರಡಿ.